ನೀರುಂಟು ಎಂದ ದನಿ

ತೂಗಲು ಬಾರದ ವಸ್ತುವಿಗೆ ಈ ಲೋಕದಲ್ಲಿ ಇರುವ ಹಕ್ಕೇ ಇಲ್ಲವೆಂದು ನಾನು ಬಹುಕಾಲ ನಂಬಿಕೊಂಡಿದ್ದೆ. ದೆವ್ವ, ಗಾಳಿ, ಶಕುನ ಎಂದು ಯಾರಾದರೂ ಬಾಯಿ ತೆರೆದರೆ, "ಅದರ ಸಾಂದ್ರತೆ ಎಷ್ಟು ಸ್ವಾಮಿ?" ಎಂದು ಕೇಳಿ ಮುಚ್ಚಿಸುತ್ತಿದ್ದೆ. ಒಮ್ಮೆ ನನ್ನ ಅತ್ತೆಯವರು ಹುಣಸೆಮರದ ಮೋಹಿನಿಯ ವೃತ್ತಾಂತವನ್ನು ಭಯಭಕ್ತಿಯಿಂದ ಹೇಳುತ್ತಿರುವಾಗ ಇದೇ ಪ್ರಶ್ನೆಯನ್ನು ಕೇಳಿ, ಆ ಹಬ್ಬದ ಒಬ್ಬಟ್ಟನ್ನು ತುಪ್ಪವಿಲ್ಲದೆ ತಿಂದದ್ದೂ ಉಂಟು. ವಿಜ್ಞಾನಕ್ಕಾಗಿ ಕಷ್ಟಪಟ್ಟ ಮಹನೀಯರ ಸಾಲಿನಲ್ಲಿ ನನ್ನದೂ ಒಂದು ಸಣ್ಣ ಜಾಗ ಇರಬೇಕೆಂದು ಆಗ ಅಂದುಕೊಂಡಿದ್ದೆ. ಇಂಥವನು ಈಗ ಬರೆಯಹೊರಟಿರುವುದನ್ನು ಓದುಗರು ನಂಬಲೇಬೇಕೆಂದು ನಾನು ಹಟ ಹಿಡಿಯುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿ ಸುಮ್ಮನಾಗುತ್ತೇನೆ.

ಕೋತಗಿರಿಯ ಕೆಳಗಿನ ಕಣಿವೆಯೊಂದರಲ್ಲಿ ಆಗ ಒಂದು ಸಣ್ಣ ಮದ್ದಿನ ಕಾರ್ಖಾನೆ ಇತ್ತು. ಕಲ್ಲು ಸಿಡಿಸುವವರಿಗೂ ಸುರಂಗ ಕೊರೆಯುವವರಿಗೂ ಅಲ್ಲಿಂದ ಮದ್ದು ಹೋಗುತ್ತಿತ್ತು. ಈಗ ಆ ಜಾಗದಲ್ಲಿ ಟೀ ಬೆಳೆದಿದೆ. ಕುಡಿದವರಿಗೆ ಏನೂ ಆದಂತೆ ಕಾಣೆ. ನಂಜನಗೂಡಿನ ಕಡೆಯ ನಾನು, ರಸಾಯನಶಾಸ್ತ್ರದ ಒಂದು ಪದವಿಯನ್ನೂ ಎರಡು ಉಣ್ಣೆಯ ಕೋಟುಗಳನ್ನೂ ಹೊತ್ತು ಬೆಟ್ಟ ಹತ್ತಿ, ಅದರ ಪರೀಕ್ಷಾಲಯಕ್ಕೆ ಸೇರಿದೆ. ನನ್ನ ಮೇಲೆ ಒಬ್ಬ ಇಂಗ್ಲಿಷ್ ದೊರೆ. ಕೆಳಗೆ ಬೆಳ್ಳಿ ಎಂಬ, ಆ ಬೆಟ್ಟದ ಬಡಗ ಜನದ ಆಳು. ನಡುವೆ ಗಾಜಿನ ಸೀಸೆಗಳಲ್ಲಿ, ಕೂಲಿಗಳು ದ್ರಾವಕವೆಂದು ಕರೆಯುತ್ತಿದ್ದ ಆಮ್ಲಗಳು. ಮೂವರಿಗೂ ನಿಜವಾದ ಯಜಮಾನ ಅವೇ.

ಕೆಲಸ ಹೀಗಿತ್ತು. ಗಂಧಕಾಮ್ಲ, ನೈಟ್ರಿಕ್ ಆಮ್ಲ ಎರಡನ್ನೂ ಬೆರಸಿ ಸೀಸದ ತೊಟ್ಟಿಯೊಂದರಲ್ಲಿ ತುಂಬಿಡುತ್ತಿದ್ದರು. ಅಲ್ಲಿಂದ ಅದು ಹತ್ತಿಮನೆಗೆ ಹೋಗುತ್ತಿತ್ತು. ಅಲ್ಲಿ ಆಳುಗಳು ಮಡಕೆಗಳಲ್ಲಿ ಅದನ್ನು ಹೊಯ್ದು, ಶುದ್ಧವಾದ ಹತ್ತಿಯನ್ನು ಅದರಲ್ಲಿ ಅದ್ದಿ ಮದ್ದು ಮಾಡುತ್ತಿದ್ದರು. ಮಿಶ್ರಣದಲ್ಲಿ ನೀರು ಇಷ್ಟೇ ಇರಬೇಕೆಂದು ಲೆಕ್ಕ. ಹೆಚ್ಚಾದರೆ ಮಡಕೆ ತಾನಾಗಿ ಕಾಯುತ್ತದೆ, ಬುಸುಗುಟ್ಟುತ್ತದೆ, ಕೆಂಪು ಹೊಗೆ ಏಳುತ್ತದೆ. ಆ ಹೊಗೆ ಕುಡಿದವನು ಮನೆಗೆ ನಡೆದುಕೊಂಡೇ ಹೋಗಿ, ಊಟವನ್ನೂ ಮಾಡಿ, ಬೆಳಗಾಗುವುದರೊಳಗೆ ಸಾಯಬಹುದು. ಆದ್ದರಿಂದ ಪ್ರತಿ ತೊಟ್ಟಿಯನ್ನೂ ನಾನು ಪರೀಕ್ಷಿಸಿ ಸಹಿ ಹಾಕಿದ ಮೇಲೆಯೇ ಹತ್ತಿಮನೆಯವರು ನಲ್ಲಿ ತಿರುಗಿಸಬೇಕು.

ನೀರನ್ನು ಮಾತ್ರ ನೇರವಾಗಿ ಅಳೆಯುವ ಉಪಾಯ ನಮ್ಮಲ್ಲಿರಲಿಲ್ಲ. ಉಸಿರಿನಷ್ಟು ತೆಳ್ಳಗಿನ ಗಾಜಿನ ಗುಂಡಿನೊಳಕ್ಕೆ ಕೊಂಚ ಆಮ್ಲ ಎಳೆದುಕೊಂಡು, ಅದರ ಬಾಯಿಯನ್ನು ಉರಿಯಲ್ಲಿ ಮುಚ್ಚಿ, ತೂಗಿ, ಬಿಗಿಯಾದ ಸೀಸೆಯ ನೀರಿನೊಳಗೆ ಒಡೆದು, ಆಮೇಲೆ ಬ್ಯೂರೆಟ್ಟಿನಿಂದ ಹನಿಹನಿಯಾಗಿ ಸೋಡ ಬಿಡುವುದು. ಬಣ್ಣ ತಿರುಗಿದ ಕೂಡಲೇ ನಿಲ್ಲಿಸುವುದು. ಹೀಗೆ ಎರಡು ಆಮ್ಲಗಳ ಪ್ರಮಾಣವನ್ನೂ ಕಂಡುಹಿಡಿದು, ಉಳಿದದ್ದಕ್ಕೆ ನೀರೆಂದು ಹೆಸರಿಡುತ್ತಿದ್ದೆವು. ಗುಂಡಿನ ಗೋಜು ಯಾಕೆಂದರೆ, ಗಂಧಕಾಮ್ಲದಂಥ ಬಾಯಾರಿದ ವಸ್ತು ಬೇರೊಂದಿಲ್ಲ. ಬಟ್ಟಲಲ್ಲಿ ತೆರೆದಿಟ್ಟರೆ ಬೆಟ್ಟದ ಮಂಜನ್ನೆಲ್ಲ ಕುಡಿದು, ತಕ್ಕಡಿಯಲ್ಲಿ ಕಣ್ಣೆದುರೇ ತೂಕ ಏರುತ್ತದೆ.

ದೊರೆ ಒಂದು ನಿಯಮ ಮಾಡಿದ್ದರು. ಕೋಣೆಯ ಹಿಂಭಾಗದಲ್ಲಿ ಒಂದು ದೊಡ್ಡ ಮರದ ಬಾನಿ. ಮೈಮೇಲೆ ದ್ರಾವಕ ಬಿದ್ದವನು ಅದರಲ್ಲಿ ಮುಳುಗಬೇಕು. ಸೀಸೆಯ ಬಿರಡೆ ಎತ್ತುವವನು ಮೊದಲು ತಿರುಗಿ ನೋಡದೆ "ನೀರು?" ಎಂದು ಕೂಗಬೇಕು. ನೋಡಿದರೆ ಕೈ ಅಲುಗುತ್ತದಲ್ಲ! ಬಾನಿ ಕಾಯುವವನು ನೋಡಿ, "ನೀರುಂಟು" ಎಂದು ಉತ್ತರ ಕೊಡಬೇಕು. ಉತ್ತರ ಬಾರದೆ ಬಿರಡೆ ಏಳಕೂಡದು. ದೊರೆಗೆ ಬರುತ್ತಿದ್ದ ಕನ್ನಡವೆಂದರೆ ನೀರು ಎಂಬ ಇದೊಂದೇ ಪದ. ಅದನ್ನು ಅವರು ಸಂಧ್ಯಾವಂದನೆಯಷ್ಟು ನಿಷ್ಠೆಯಿಂದ ಉಚ್ಚರಿಸುತ್ತಿದ್ದರು.

ಉತ್ತರ ಕೊಡುತ್ತಿದ್ದವನು ಬೆಳ್ಳಿ. ಈ ದಿಣ್ಣೆಯಿಂದ ಆ ದಿಣ್ಣೆಗೆ ಕರೆದು ಮಾತಾಡುವ ಜನ ಬಡಗರು. ಬೆಳ್ಳಿಯ ಗಂಟಲಂತೂ ಅವನ ಹಟ್ಟಿಯಲ್ಲೇ ಹೆಸರುವಾಸಿ. "ನೀರುಂಟೂ" ಎಂದು ಕೊನೆಯಲ್ಲಿ ಎಳೆದು ಅವನು ಕೂಗಿದರೆ ಸಾಲಾಗಿ ನಿಲ್ಲಿಸಿದ ಬಟ್ಟಲುಗಳು ಸಣ್ಣಗೆ ಮೊಳಗುತ್ತಿದ್ದವು.

ಆ ಗಂಟಲು ಹೋಯಿತು. ಅವನ ತಮ್ಮ ಜೋಗಿ ಹತ್ತಿಮನೆಯಲ್ಲಿ ಕೆಲಸಕ್ಕಿದ್ದ. ಒಂದು ದಿನ ಅಲ್ಲಿ ಮಡಕೆಯೊಂದು ಬುಸುಗುಟ್ಟಿದಾಗ ಬೆಳ್ಳಿ ತಮ್ಮನ ಹೆಸರು ಕೂಗುತ್ತ ಒಳಗೆ ನುಗ್ಗಿ, ಜೋಗಿಯನ್ನು ಎಳೆದುಕೊಂಡು ಬಂದ. ತಮ್ಮ ಬಾಯಿ ಮುಚ್ಚಿಕೊಂಡಿದ್ದರಿಂದ ಅವನಿಗೆ ಏನೂ ಆಗಲಿಲ್ಲ. ಬಾಯಿ ತೆರೆದು ಕೂಗಿದ ಬೆಳ್ಳಿಯ ಗಂಟಲಿಗೆ ಕೆಂಪು ಹೊಗೆ ಇಳಿದಿತ್ತು. ಬಹಳ ದಿನ ಮಲಗಿದ್ದು ಎದ್ದು ಬಂದಾಗ ಅವನಲ್ಲಿ ಪಿಸುಮಾತು ಮಾತ್ರ ಉಳಿದಿತ್ತು; ಅದೂ ಕಿವಿ ಹತ್ತಿರ ತಂದರೆ. ಅಂದಿನಿಂದ ನಾನು "ನೀರು?" ಎಂದರೆ ಅವನು ಬಾನಿಯ ಅಂಚಿಗೆ ಎರಡು ಸಲ ತಟ್ಟುತ್ತಿದ್ದ. ಒಂದು ವರ್ಷಕ್ಕೂ ಹೆಚ್ಚು ಕಾಲ ಇದೇ ನಡೆದಿತ್ತು. ನನ್ನ ಕಿವಿ ಆ ತಟ್ಟಿಗೆ ಒಗ್ಗಿಹೋಗಿತ್ತು.

ನಾನು ಹೇಳುತ್ತಿರುವ ದಿನ ಒಂದು ವಾರದಿಂದ ಬಿಡದ ಮಂಜು. ಮಧ್ಯಾಹ್ನವೇ ದೀಪ ಹಚ್ಚಿಕೊಂಡಿದ್ದೆವು. ಹೊಸ ತೊಟ್ಟಿಯ ಆಮ್ಲ ಸಂಜೆಯ ಪಾಳಿಗೆ ಬೇಕಾಗಿತ್ತು. ಮೊದಲ ಗುಂಡಿನ ಪರೀಕ್ಷೆ ಮುಗಿದಿತ್ತು; ನೀರು ಇರಬೇಕಾದಷ್ಟೇ ಇತ್ತು. ಆದರೆ ಒಂದರ ಮಾತನ್ನು ನಂಬದೆ ಎರಡನೆಯದನ್ನೂ ಮಾಡುವುದು ಪದ್ಧತಿ. ಅದಕ್ಕಾಗಿ ಹೊಸ ಗುಂಡನ್ನು ಬರಿದಾಗಿ ತೂಗುತ್ತ ನಾನು ತಕ್ಕಡಿಯ ಮುಂದೆ ಉಸಿರು ಹಿಡಿದು ಕೂತಿದ್ದಾಗ ಬೆಳ್ಳಿ ಬಂದು ಭುಜ ಮುಟ್ಟಿದ. ತೂಗುವವನನ್ನು ಮುಟ್ಟುವುದೆಂದರೆ ಪೂಜೆಯ ನಡುವೆ ಸಾಲ ಕೇಳಿದಂತೆ. ನಾನು ತಿರುಗದೆಯೇ ಹೋಗು ಎಂದು ಕೈ ಬೀಸಿದೆ. ಅವನು ಹೋದ.

ತೂಗುವುದು ಮುಗಿಸಿ, ಗುಂಡನ್ನು ಬಿಸಿ ಮಾಡಿಕೊಂಡು, ಸೀಸೆಯ ಬಿರಡೆಯ ಮೇಲೆ ಕೈಯಿಟ್ಟು, "ನೀರು?" ಎಂದೆ.

"ನೀರುಂಟೂ" ಎಂದು ಉತ್ತರ ಬಂತು.

ಬಿರಡೆ ಎತ್ತಿದೆ. ಗುಂಡಿನ ಬಾಯಿ ಆಮ್ಲದಲ್ಲಿಟ್ಟೆ. ಅದು ತಣಿಯುತ್ತ ತನ್ನ ಪಾಲನ್ನು ಎಳೆದುಕೊಂಡಿತು. ಬಿರಡೆ ಹಾಕಿದೆ. ಗುಂಡಿನ ಕತ್ತನ್ನು ಉರಿಗೆ ಹಿಡಿದು ಮುಚ್ಚಿದೆ. ಸಾಲಿನ ಬಟ್ಟಲುಗಳು ಇನ್ನೂ ಸಣ್ಣಗೆ ಮೊಳಗುತ್ತಿದ್ದವು. ಆಗ ನನಗೆ ಅರಿವಾಯಿತು. ಆ ದನಿಯಲ್ಲಿ ಉತ್ತರ ಕೊಡಬಲ್ಲವರು ಈ ಭೂಮಿಯ ಮೇಲೆ ಯಾರೂ ಇರಲಿಲ್ಲ.

ತಿರುಗಿ ನೋಡಿದೆ. ಕೋಣೆಯಲ್ಲಿ ನಾನೊಬ್ಬನೇ. ಬಾನಿ ಗೋಡೆಗೆ ಒರಗಿ ಬೋರಲಾಗಿ ಬಿದ್ದಿತ್ತು. ಅದರ ಕೆಳಗಿನ ನೆಲವೂ ಒಣಗಿತ್ತು. ಕೈಯಲ್ಲಿದ್ದ ಗುಂಡನ್ನು ಹೇಗೆ ಕೆಳಗಿಟ್ಟೆನೋ ತಿಳಿಯದು. ಸೀಸೆ ಜಾರಿದ್ದರೆ ನನ್ನ ಮುಖಕ್ಕೆ ಚೆಲ್ಲಿಕೊಳ್ಳಲು ಒಂದು ಚೊಂಬು ನೀರೂ ಅಲ್ಲಿರಲಿಲ್ಲ.

ಬಾಗಿಲಿಗೆ ಬಂದು ನಿಂತೆ. ಎಷ್ಟೋ ಹೊತ್ತಿನ ಮೇಲೆ ಮಂಜಿನೊಳಗಿಂದ ಬೆಳ್ಳಿ ಏದುಸಿರು ಬಿಡುತ್ತ ಹತ್ತಿ ಬಂದ. ಎರಡು ಕೈಯಲ್ಲೂ ನೀರಿನ ಡಬ್ಬಗಳು. ಬಾನಿಯ ನೀರು ಹುಳಿಯಾಗಿದೆಯೆಂದು ಮೊದಲ ಗುಂಡಿನ ಕೆಲಸ ಮುಗಿದೊಡನೆ ಹೊರಗೆ ಚೆಲ್ಲಿ, ಆಮೇಲೆ ಕೊಳಾಯಿ ಬತ್ತಿದ್ದು ಗೊತ್ತಾಗಿ, ಹಳ್ಳಕ್ಕೆ ಹೋಗಿದ್ದನಂತೆ. ನನ್ನ ಭುಜ ಮುಟ್ಟಿದ್ದು ಅದನ್ನು ಹೇಳುವುದಕ್ಕೆ.

"ನೀನು ಕೂಗಿದೆಯೇನೋ?" ಎಂದೆ.

ಅವನು ಡಬ್ಬ ಕೆಳಗಿಟ್ಟು ನನ್ನ ಮುಖ ನೋಡಿದ. ಆಮೇಲೆ ಹತ್ತಿರ ಬಂದು ಪಿಸುಗುಟ್ಟಿದ. ಅವನ ಮಾತನ್ನು ನನ್ನ ಕಿವಿಗೆ ಬಿದ್ದಂತೆ ಬರೆಯುತ್ತಿದ್ದೇನೆ. ತಪ್ಪಿದ್ದರೆ ಬಡಗರು ತಿದ್ದಿಕೊಳ್ಳಬೇಕು.

"ಎನ್ನ ಕೈಲಿ ಆಗುವ ಕೆಲಸವಾ ಅಯ್ಯ ಅದು?"

"ನಿನ್ನ ದನಿಯೇ ಕಣೋ. ಹಳೆಯ ದನಿ."

"ಏನ ಹೇಳಿತು?"

"ನೀರುಂಟು ಅಂತು."

ಬೆಳ್ಳಿ ಒಳಗೆ ಬಗ್ಗಿ ಬೋರಲಾದ ಬಾನಿಯನ್ನು ನೋಡಿದ. "ಬಾನಿಲಿ ಇಲ್ಲೆ" ಎಂದ. ಆಮೇಲೆ ಮೇಜಿನ ಮೇಲಿನ ಸೀಸೆಯನ್ನು ನೋಡಿದ. ನೋಡುತ್ತಲೇ ಇದ್ದ. ಅದರತ್ತ ಬೆರಳು ಮಾಡಿ, "ನೀರು ಅದರೊಳಗಾದರೆ?" ಎಂದ. "ಜೋಗಿ ಇಂದು ಸಂಜೆ ಹತ್ತಿಮನೆಲಿ, ಅಯ್ಯ."

"ಅದಕ್ಕೇನಾಯಿತು? ಪರೀಕ್ಷೆ ಸರಿಯಾಗಿದೆ."

"ಸಹಿ ಬೇಡ" ಎಂದು ನನ್ನ ತೋಳು ಹಿಡಿದ. ಅಷ್ಟು ವರ್ಷಗಳಲ್ಲಿ ಅವನು ನನ್ನನ್ನು ಹಾಗೆ ಹಿಡಿದದ್ದಿಲ್ಲ.

ಎರಡನೆಯ ಗುಂಡನ್ನೂ ಪರೀಕ್ಷಿಸಿದೆ. ಮೊದಲನೆಯದರಂತೆಯೇ ಬಂತು. ಒಂದು ಕಡೆ ತಕ್ಕಡಿ, ಬ್ಯೂರೆಟ್, ನನ್ನ ಪದವಿ. ಇನ್ನೊಂದು ಕಡೆ ಯಾರದೂ ಅಲ್ಲದ ಒಂದು ದನಿ. ನಾನು ಸಹಿ ಹಾಕಲಿಲ್ಲ. ಯಾಕೆಂದು ಕೇಳಿದರೆ ಇಂದೂ ಹೇಳಲಾರೆ.

ಕಾದು ಸಾಕಾಗಿ ದೊರೆಯೇ ಬಂದು ಇಂಗ್ಲಿಷಿನಲ್ಲಿ ಕೇಳಿದರು. "ಪರೀಕ್ಷೆ ಸರಿಯಿಲ್ಲವೇ?"

"ಸರಿಯಿದೆ."

"ಮತ್ತೆ ಸಹಿ?"

"ತೊಟ್ಟಿಯ ಮೇಲ್ಭಾಗದಿಂದಲೂ ಒಮ್ಮೆ ತೆಗೆದು ನೋಡಬೇಕೆಂದಿದ್ದೇನೆ."

"ಯಾರ ಅಪ್ಪಣೆ?"

"ನನ್ನ ಕಿವಿಯಲ್ಲಿ ಸ್ವಲ್ಪ ತೊಂದರೆ" ಎಂದುಬಿಟ್ಟೆ.

ದೊರೆ ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ನಿಮ್ಮ ಕಿವಿಗೂ ನನ್ನ ತೊಟ್ಟಿಗೂ ಇರುವ ಸಂಬಂಧವನ್ನು ನಡೆಯುತ್ತ ವಿವರಿಸಿ" ಎಂದು ಕಂದೀಲು ಎತ್ತಿಕೊಂಡು ಹೊರಟರು. ನಾನು ಹಿಂದೆ ಹೊರಟೆ.

ತೊಟ್ಟಿಯ ಮುಚ್ಚಳದ ಹಲಗೆಯೊಂದು ಒಂದು ಗೇಣು ಸರಿದಿತ್ತು. ಸೂರಿನ ತಗಡಿನಲ್ಲಿ ಮಂಜು ಹನಿಗಟ್ಟಿ, ಸರಿಯಾಗಿ ಆ ಸಂದಿನೊಳಕ್ಕೆ ತೊಟ್ಟಿಕ್ಕುತ್ತಿತ್ತು. ಎಷ್ಟು ದಿನದಿಂದಲೋ! ನಮ್ಮ ಸೀಸೆ ತುಂಬುತ್ತಿದ್ದುದು ಕೆಳಗಿನ ನಲ್ಲಿಯಿಂದ. ಉದ್ದನೆಯ ಗಾಜಿನ ಕೊಳವೆ ಇಳಿಸಿ ಮೇಲ್ಪದರದ ಆಮ್ಲ ತೆಗೆದು ಪರೀಕ್ಷಿಸಿದಾಗ, ಲೆಕ್ಕಕ್ಕೆ ಮೀರಿ ನೀರು. ಹಗುರವಾದದ್ದು ಬೆರೆಯದೆ ಮೇಲೆಯೇ ನಿಂತಿತ್ತು. ಮೊದಲ ಮಡಕೆಗಳೆಲ್ಲ ಸುಖವಾಗಿ ಮುಗಿದು, ತೊಟ್ಟಿ ಬರಿದಾಗುತ್ತ ಬಂದ ಹೊತ್ತಿಗೆ ಈ ಪದರ ಇಳಿದು ಹತ್ತಿಮನೆಯ ಮಡಕೆಗಳು ಬುಸುಗುಟ್ಟುತ್ತಿದ್ದವು. ದೊರೆ ನನ್ನ ಕಿವಿಯನ್ನು ಒಮ್ಮೆ ನೋಡಿ, ತೊಟ್ಟಿಗೆ ಬೀಗ ಹಾಕಿಸಿದರು.

ವಿಷಯ ಕೇಳಿ ಜೋಗಿ ಬಿದ್ದು ಬಿದ್ದು ನಕ್ಕ. "ಅಣ್ಣನ ಸ್ವರಕ್ಕೂ ಒಂದು ಸಂಬಳ ಹಾಕಿಸಿ ಅಯ್ಯ. ಅವ ಬಂದರೂ ಬಾರದಿದ್ದರೂ ಅದು ಕೆಲಸಕ್ಕೆ ಬಂದುಬಿಡುತ್ತದೆ!" ಬೆಳ್ಳಿ ನಗಲಿಲ್ಲ.

ಆಮೇಲೆ ನಾನು ತಲೆ ಕೆಡಿಸಿಕೊಳ್ಳದ ವಿವರಣೆಯಿಲ್ಲ. ಕೇಳಿ ಕೇಳಿ ಒಗ್ಗಿದ ಕಿವಿ ತಾನೇ ಉತ್ತರ ತುಂಬಿಕೊಂಡಿತೆನ್ನೋಣ. ಹಾಗಾದರೆ ಅದು ಎರಡು ತಟ್ಟು ಕೇಳಿಸಬೇಕಿತ್ತು. ವರ್ಷದಿಂದ ಇಲ್ಲದ ದನಿಯನ್ನು ಯಾಕೆ ಹುಡುಕಿ ತಂದಿತು? ಸರಿದ ಹಲಗೆಯನ್ನು ನನ್ನ ಕಣ್ಣು ಮೊದಲೇ ಕಂಡು ಮನಸ್ಸಿಗೆ ಹೇಳದೆ ಇಟ್ಟುಕೊಂಡಿತ್ತೆನ್ನೋಣ. ಆ ವಾರ ನಾನು ತೊಟ್ಟಿಯ ಹತ್ತಿರ ಹೋಗಿಯೇ ಇರಲಿಲ್ಲ. ಯಾವುದೋ ಒಳ್ಳೆಯ ಶಕ್ತಿ ನಮ್ಮನ್ನು ಕಾಯಿತೆಂದು ಅತ್ತೆಯವರು ತೀರ್ಪು ಕೊಟ್ಟರು. ಅದನ್ನು ಒಪ್ಪಲು ನನಗೆ ಇಷ್ಟವೇ. ಆದರೆ ಅದೇ ದನಿಯನ್ನು ನಂಬಿ ನಾನು ಬರಿದಾದ ಬಾನಿಯ ಮುಂದೆ ಬಿರಡೆ ಎತ್ತಿದ್ದೆ. ಅದು ತೊಟ್ಟಿಯ ಮಾತು ಹೇಳಿತೆಂದರೆ ಹತ್ತಿಮನೆಯವರನ್ನು ಉಳಿಸಿತು. ಬಾನಿಯ ಮಾತು ಹೇಳಿತೆಂದರೆ ನನಗೆ ಸುಳ್ಳು ಹೇಳಿತು. ಅದರ ಮನಸ್ಸಿನಲ್ಲಿ ಯಾವುದಿತ್ತೆಂದು ನಾನು ಯಾರನ್ನು ಕೇಳಲಿ?

ಬೆಳ್ಳಿ ಮತ್ತೆ ಆ ಕೋಣೆಯೊಳಗೆ ಕಾಲಿಡಲಿಲ್ಲ. ಗೇಟಿನ ಕಾವಲಿಗೆ ಹಾಕಿಸಿಕೊಂಡ. ದೆವ್ವದ ಭಯವೇ ಎಂದು ನಾನು ಕೆಣಕಿದಾಗ ಕಿವಿಯ ಹತ್ತಿರ ಬಂದು ಹೇಳಿದ: "ಅದು ಬೇರೆಯವರ ಸ್ವರವಾದರೆ ಎನಗೆ ಭಯ ಇಲ್ಲೆ, ಅಯ್ಯ. ಎನ್ನದೇ ಆದರೆ, ಎನ್ನ ಬಿಟ್ಟು ಅದು ಅಲ್ಲಿ ಏನ ಮಾಡುತ್ತದೆ?"

ಕೆಲವು ದಿನಗಳ ಮೇಲೆ, ಕೆಲಸ ಬಿಡುವ ಹೊತ್ತಿಗೆ, ಅವನು ಬಾಗಿಲಲ್ಲಿ ಬಂದು ನಿಂತ. ಹೊಸ್ತಿಲು ದಾಟಲಿಲ್ಲ. ಬಿಳಿಯ ಹೊದಿಕೆಯನ್ನು ಎದೆಗೆ ಬಿಗಿಯಾಗಿ ಹಿಡಿದುಕೊಂಡು, ಒಳಗಿನ ಬರಿಯ ಕೋಣೆಯನ್ನು ಕಣ್ಣಲ್ಲೇ ತೋರಿಸಿ, "ಒಂದು ಸಲ ಕೂಗಿ ಕೇಳು ಅಯ್ಯ" ಎಂದ.

ಇಂಥ ಹುಚ್ಚಾಟಕ್ಕೆಲ್ಲ ನಾನು ಸೇರುವವನಲ್ಲವೆಂದು ಹೇಳಬೇಕೆಂದಿದ್ದೆ. ಅವನ ಮುಖ ನೋಡಿ ಹೇಳಲಾಗಲಿಲ್ಲ. ಎದ್ದು ನಿಂತು, ಗೋಡೆಯ ಕಡೆ ತಿರುಗಿ, "ನೀರು?" ಎಂದೆ.

ನನಗೆ ಏನೂ ಕೇಳಿಸಲಿಲ್ಲ. ತಗಡಿನಿಂದ ಹನಿ ಬೀಳುವ ಸದ್ದು ಬಿಟ್ಟರೆ ಕೋಣೆ ನಿಶ್ಶಬ್ದ. ಸಮಾಧಾನವಾಗಿ ಬೆಳ್ಳಿಯ ಕಡೆ ತಿರುಗಿದೆ. ಅವನು ತಲೆ ಒಂದು ಕಡೆ ವಾಲಿಸಿ, ಉದ್ದವಾದ ಮಾತನ್ನು ಕೇಳುವವನಂತೆ ಕೇಳುತ್ತಿದ್ದ. ನಡುವೆ ಒಮ್ಮೆ ತಲೆಯಾಡಿಸಿದ. ಮುಗಿದ ಮೇಲೆ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡು, ಮಂಜಿನೊಳಕ್ಕೆ ನಡೆದುಹೋದ.

ಮರುದಿನ ಬೆಳ್ಳಿ ಕೆಲಸಕ್ಕೆ ಬರಲಿಲ್ಲ. ಜೋಗಿಯೂ ಬರಲಿಲ್ಲ. ಇಬ್ಬರೂ ಮತ್ತೆಂದೂ ಆ ಕಣಿವೆಗೆ ಇಳಿಯಲಿಲ್ಲ. ನಾನು ಅವರ ಹಟ್ಟಿಗೆ ಹೋಗಿ ಕೇಳಬಹುದಾಗಿತ್ತು. ಒಂದು ಗಂಟೆಯ ದಾರಿ. ಎರಡು ಸಲ ಅರ್ಧ ದಾರಿಯವರೆಗೆ ಹೋಗಿ ಹಿಂತಿರುಗಿದೆ. ಆಮೇಲೂ ಬಹಳ ಕಾಲ ಅದೇ ಮೇಜಿನಲ್ಲಿ ಕೂತು, ಅದೇ ಪದವನ್ನು ಕೂಗುತ್ತ ಕೆಲಸ ಮಾಡಿದೆ. ನನಗೆ ಏನೂ ಆಗಲಿಲ್ಲ. ಅವನಿಗೆ ಅದು ಹೇಳಿದ್ದೇನು, ಅದರಲ್ಲಿ ನನ್ನ ವಿಷಯವೂ ಇತ್ತೋ ಇಲ್ಲವೋ ಎಂಬುದು ಮಾತ್ರ ನನಗೆ ಇಂದಿಗೂ ಗೊತ್ತಿಲ್ಲ.