ಒಲೆ ಮುಂದಿನ ನಗು

ಇವತ್ತು ಹಿಂದವಾಡಿಯ ನಮ್ಮ ಮನೆಯಲ್ಲಿ ರೊಟ್ಟಿ ಸುಡುವ ವಾಸನೆ ಬಂದದ್ದೇ, ಮನಸ್ಸು ನಾನು ಬೆಳೆದ ಖಾನಾಪುರದ ಮನೆಯ ಒಲೆ ಮುಂದೆ ಹೋಗಿ ಕುಳಿತಿತು.

ಅಲ್ಲಿ ಅವ್ವ ಹಂಚಿನಿಂದ ತೆಗೆದ ರೊಟ್ಟಿಯನ್ನು ಅಕ್ಕಂದಿರ ಜೊತೆ ಕಿತ್ತಾಡಿ ತಿನ್ನುತ್ತಿದ್ದೆ. ಒಂದು ದಿನ ಅಪ್ಪ ಕರೆದ: "ಗಂಡಸಾಗಿ ಒಲಿ ಮುಂದ ಕುಂತು ಉಣ್ತೀಯೇನಲೇ? ಪಡಸಾಲಿಗೆ ಬಾ."

ಅಂದಿನಿಂದ ಅಪ್ಪನ ಎದುರು ನನಗೂ ಒಂದು ತಾಟು. ಉಣ್ಣುವಾಗ ಅಪ್ಪ ಮಾತಾಡುತ್ತಿರಲಿಲ್ಲ. ಒಳಗೆ ಅವ್ವ, ಅಕ್ಕಂದಿರು ನಕ್ಕರೆ ಮಾತ್ರ ಅಗಿಯುವುದನ್ನು ನಿಲ್ಲಿಸಿ ಕಿವಿಗೊಡುತ್ತಿದ್ದ. ಒಮ್ಮೆ ಮೆಲ್ಲಗೆ ನನ್ನನ್ನೇ ಕೇಳಿದ: "ಯಾಕ ನಗಾಕತ್ತಾರ ಅವ್ರು?" ನನಗೂ ಗೊತ್ತಿರಲಿಲ್ಲ.

ಇವತ್ತು ಅಡುಗೆಮನೆಯಲ್ಲಿ ಹೆಂಡತಿ, ಮಗಳು ನಗುತ್ತಿದ್ದರು. ಅವರ ಜೊತೆ ಉಣ್ಣೋಣವೆಂದು ತಾಟು ಹಿಡಿದು ಒಳಗೆ ಹೋದೆ. ನಗು ನಿಂತಿತು.

"ಏನ್ ಬೇಕಾಗಿತ್ರಿ?" ಎಂದಳು ಹೆಂಡತಿ.

"ಉಪ್ಪು" ಎಂದೆ.