ಕೆಂಪು ದಾರದ ತೇಪೆ

ಬೀದಿಯವರು ಅವಳನ್ನು ಪಾರ್ಸಲ್ ಅಕ್ಕ ಎಂದು ಕರೆಯುತ್ತಾರೆ. ಹೆತ್ತವರು ಇಟ್ಟ ಹೆಸರೊಂದು ಇದ್ದೇ ಇದೆ, ಆದರೆ ಬ್ಯಾಂಕಿನವರನ್ನು ಬಿಟ್ಟರೆ ಅದನ್ನು ಯಾರೂ ಬಳಸುವುದಿಲ್ಲ. ಮಗಳು ಹುಟ್ಟಿದಾಗ ಆಫೀಸಿನ ಕೆಲಸ ಬಿಟ್ಟಳು. ಮೊದಲ ವರ್ಷ ಸುಮ್ಮನಿದ್ದಳು. ಎರಡನೆಯ ವರ್ಷ ಮಗಳಿಗೆ ಬಿಗಿಯಾದ ಬಟ್ಟೆಗಳ ಫೋಟೋ ತೆಗೆದು ಫೋನಿನಲ್ಲೇ ಮಾರಿದಳು. ರುಚಿ ಹತ್ತಿತು. ಈಗ ಮಗಳಿಗೆ ನಾಲ್ಕು ವರ್ಷ. ಮಂಚದ ಕೆಳಗೆ, ಬೀರುವಿನ ಮೇಲೆ, ಬಾಗಿಲ ಹಿಂದೆ, ಎಲ್ಲಿ ನೋಡಿದರೂ ಪೆಟ್ಟಿಗೆ.

"ಅಷ್ಟು ದೊಡ್ಡ ಬಸ್ಸನ್ನ ಸಂದೀಲಿ ತಿರುಗಿಸ್ತೀನಿ ಕಣೇ," ಎನ್ನುತ್ತಾನೆ ಡ್ರೈವರ್ ಗಂಡ, "ನನ್ನ ಹೊಟ್ಟೆ ತಿರುಗಿಸೋಕೆ ಈ ಮನೇಲಿ ಜಾಗ ಇಲ್ಲ."

"ಹಾಗಾದ್ರೆ ಹೊಟ್ಟೆ ಕಡಿಮೆ ಮಾಡ್ಕೊಳ್ಳಿ. ಪೆಟ್ಟಿಗೆ ಕಡಿಮೆ ಆಗಲ್ಲ."

ಮಂಗಳವಾರ ಬೆಳಿಗ್ಗೆ ಹಳೇ ಸಾಮಾನಿನ ಅಂಗಡಿಯಲ್ಲಿ ಹೊಸ ರಾಶಿ ಇಡುತ್ತಾರೆ. ಜನ ಬೇಡವೆಂದು ಕೊಟ್ಟುಹೋದ ಬಟ್ಟೆ, ಬೂಟು, ಆಟಿಕೆ, ದೀಪದ ಬುರುಡೆ, ಎಲ್ಲ. ಬಾಗಿಲು ತೆಗೆಯುವ ಮೊದಲೇ ಇವಳು ಮಗಳ ಕೈ ಹಿಡಿದು ಅಲ್ಲಿ ಹಾಜರು. ಕಾಲರು ಮಗುಚಿ ನೋಡುತ್ತಾಳೆ, ಜಿಪ್ಪು ಎರಡು ಸಲ ಎಳೆಯುತ್ತಾಳೆ, ಅಷ್ಟು ಜನರ ಎದುರಿಗೇ ಅಂಗಿಯ ಕಂಕುಳು ಮೂಸಿ ನೋಡುತ್ತಾಳೆ. ಅದರಲ್ಲಿ ನಾಚಿಕೆ ಏನು ಬಂತು? ಮೂಸದೆ ಕೊಂಡು ಮನೆಗೆ ತಂದು ಮೂಗು ಮುಚ್ಚಿಕೊಳ್ಳುವವರು ನಾಚಿಕೊಳ್ಳಲಿ.

ತಂದದ್ದನ್ನು ಒಗೆದು, ಒಣಗಿಸಿ, ಕಿಟಕಿ ಪಕ್ಕದ ಕುರ್ಚಿಯ ಮೇಲೆ ಹರಡಿ ಫೋಟೋ ತೆಗೆಯುತ್ತಾಳೆ. ಬರೆಯುವಾಗ ಕುಂದು ಮೊದಲು, ಹೊಗಳಿಕೆ ಆಮೇಲೆ. ಆದರೆ ಅವಳ ಹೆಸರು ನಿಂತಿರುವುದು ಅದರಿಂದಲ್ಲ. ಯಾರಾದರೂ ಕೊಂಡ ಮೇಲೆ, ಪೆಟ್ಟಿಗೆಗೆ ಹಾಕುವ ಮುಂಚೆ, ಕೇಳದೆಯೇ ಒಂದು ಕೈ ಜಾಸ್ತಿ ಮಾಡುತ್ತಾಳೆ. ಸಡಿಲ ಗುಂಡಿ ಬಿಗಿಯುತ್ತಾಳೆ, ಹಿಡಿಯುವ ಜಿಪ್ಪಿಗೆ ಮೇಣ ಉಜ್ಜುತ್ತಾಳೆ. 'ಫೋಟೋದಲ್ಲಿ ಇದ್ದದ್ದಕ್ಕಿಂತ ಚೆನ್ನಾಗಿದೆ' ಎಂದು ಕೊಂಡವರು ಬರೆಯುತ್ತಾರೆ. ಆ ಸಾಲನ್ನು ಗಂಡನಿಗೆ ಓದಿ ಹೇಳುತ್ತಾಳೆ, ಅವನು ಕೇಳಿಸಿಕೊಳ್ಳದಿದ್ದರೆ ಮತ್ತೊಮ್ಮೆ ಓದುತ್ತಾಳೆ.

ಈ ವ್ಯಾಪಾರದಲ್ಲಿ ಒದ್ದಾಡುವುದು ಮಗಳು. ಆಟಿಕೆ ಬರುತ್ತದೆ, ಎರಡು ದಿನ ಕಪಾಟಿನಲ್ಲಿ ಕೂತಿರುತ್ತದೆ, ಹೊರಟುಹೋಗುತ್ತದೆ. ಆದ್ದರಿಂದ ಏನನ್ನು ಕಂಡರೂ ಮುಟ್ಟುವ ಮೊದಲು ಕೇಳುವುದು ಅವಳಿಗೆ ರೂಢಿ: "ಅಮ್ಮ, ಇದು ನಮ್ದಾ, ಮಾರೋದಾ?" ಹೆಚ್ಚಾಗಿ ಮಾರುವುದೇ. ಪಾಪ ಅನ್ನಿಸಿ ಪಾರ್ಸಲ್ ಅಕ್ಕ ಒಂದು ದಿನ ಮಾತು ಕೊಟ್ಟಿದ್ದಳು. ಹೊಲಿಗೆಯಲ್ಲಿ ಉಳಿದ ಬಟ್ಟೆ ಚೂರುಗಳ ಚೀಲ ಇದೆಯಲ್ಲ, ಅದು ಪೂರ್ತಿ ಮಗಳದು. ಅದಕ್ಕೆ ಅಮ್ಮ ಕೈ ಹಾಕುವುದಿಲ್ಲ. ಮಗಳು ಅದರಿಂದಲೇ ಒಂಟಿ ಕಾಲುಚೀಲಕ್ಕೆ ಚೂರು ತುಂಬಿ ಗೊಂಬೆ ಮಾಡಿಕೊಂಡು, ಗುಂಡ ಎಂದು ಹೆಸರಿಟ್ಟಿದ್ದಳು.

ಹೀಗಿರುವಾಗ ಆ ಹಸಿರು ಸ್ವೆಟರ್ ಬಂತು. ಆರೇಳು ವರ್ಷದ ಮಗುವಿನ ಅಳತೆ, ಒಳ್ಳೆಯ ಉಣ್ಣೆ. ಎಡ ಮೊಣಕೈಗೆ ಮಾತ್ರ ಕಂದು ಪ್ಯಾಂಟು ಬಟ್ಟೆಯ ದಪ್ಪ ತೇಪೆ, ಅದರ ಸುತ್ತ ಕೆಂಪು ದಾರದ ಹೊಲಿಗೆ. ಹೊಲಿಗೆಯೋ, ದೇವರಿಗೇ ಪ್ರೀತಿ! ಒಂದು ಇಲ್ಲಿ, ಒಂದು ಅಲ್ಲಿ, ಮೂಲೆಯಲ್ಲಿ ದಾರದ ಗಂಟು. 'ಎಡ ಮೊಣಕೈಗೆ ಒರಟು ತೇಪೆ ಇದೆ' ಎಂದು ಮೊದಲ ಸಾಲಿನಲ್ಲೇ ಬರೆದಳು. ಒಂದು ಗಂಟೆಯೊಳಗೆ ಹೋಯಿತು. ಕೊಂಡವರು ಅಳತೆ ಕೇಳಲಿಲ್ಲ, ಬೆಲೆಯಲ್ಲಿ ಚೌಕಾಸಿ ಮಾಡಲಿಲ್ಲ. ಅವಳಿಗೆ ಅಲ್ಲೇ ಅನುಮಾನ ಬರಬೇಕಿತ್ತು. ಬರಲಿಲ್ಲ.

ಅಷ್ಟು ಬೇಗ ಕೊಂಡವರಿಗೆ ಒಂದಲ್ಲ, ಎರಡು ಕೈ ಜಾಸ್ತಿ ಮಾಡೋಣ ಅನ್ನಿಸಿತು. ಆ ತೇಪೆಯನ್ನು ನೋಡಿದಾಗಿನಿಂದ ಬೆರಳು ತುರಿಸುತ್ತಲೂ ಇತ್ತು. ಕೆಂಪು ದಾರ ಬಿಚ್ಚಿ, ತೇಪೆ ಕಿತ್ತು ಚೂರಿನ ಚೀಲಕ್ಕೆ ಎಸೆದು, ಅದೇ ಹಸಿರಿನ ಉಣ್ಣೆ ಹುಡುಕಿ ತಂದು, ಎರಡು ಮಧ್ಯಾಹ್ನ ಕೂತು ತೂತನ್ನು ರಫು ಮಾಡಿದಳು. ತೂತು ಎಲ್ಲಿತ್ತೆಂದು ಅವಳೇ ಹುಡುಕಬೇಕಾಯಿತು. ಬೀಗುತ್ತಾ ಪಾರ್ಸಲ್ ಕಳಿಸಿದಳು.

ಗುರುವಾರ ಮೆಸೇಜ್ ಬಂತು: 'ಸ್ವೆಟರ್ ತಲುಪಿತು. ತೇಪೆ ಎಲ್ಲಿ?'

'ತೆಗೆದು ಸರಿ ಮಾಡಿದ್ದೀನಿ ಸರ್. ಅದಕ್ಕೇನೂ ಕೊಡೋದು ಬೇಡ,' ಎಂದು ಉತ್ತರಿಸಿದಳು.

ಮರುಕ್ಷಣ ಫೋನು ಬಡಿದುಕೊಂಡಿತು. ವಯಸ್ಸಾದವರ ದನಿ, ಸಿಟ್ಟಿಲ್ಲ. ಸಿಟ್ಟಿದ್ದರೆ ಎಷ್ಟೋ ವಾಸಿಯಿತ್ತು.

"ನೋಡಮ್ಮಾ, ತಪ್ಪು ನಿಮ್ಮದಲ್ಲ. ಆ ಬಟ್ಟೆ ಚೂರು ಇನ್ನೂ ಇದ್ಯಾ, ಅಷ್ಟು ಹೇಳಿ ಸಾಕು."

"ಯಾಕೆ ಸರ್?"

"ಅದನ್ನ ಹೊಲಿದವನು ನಾನು. ಗಡಿಯಾರ ರಿಪೇರಿ ನನ್ನ ಕಸುಬು. ಕೂದಲಿನಂಥ ಸ್ಪ್ರಿಂಗ್ ಕೂರಿಸೋ ಕೈ, ಆದ್ರೆ ಅಲ್ಲೀವರೆಗೂ ಸೂಜಿ ಹಿಡಿದವನಲ್ಲ. ನಮ್ಮನೆಯವಳು ಹೋಗಿ ಹದಿನೈದು ದಿನ ಆಗಿತ್ತು. ತೂತು ಸ್ವೆಟರ್ ಹಾಕ್ಕೊಂಡು ಸ್ಕೂಲಿಗೆ ಹೋಗಲ್ಲ ಅಂತ ಮಗಳು ಹಟ ಹಿಡಿದ್ಲು. ನನ್ನ ಪ್ಯಾಂಟಿನ ಕಾಲು ಕತ್ತರಿಸಿ ಹೊಲಿದುಕೊಟ್ಟೆ. ಅದನ್ನ ನೋಡಿ ಮಗಳು ನಕ್ಕಳು ಕಣಮ್ಮಾ. ಅವಳಮ್ಮ ಹೋದ ಮೇಲೆ ಅದೇ ಮೊದಲು ನಕ್ಕಿದ್ದು. ಈಗ ಮನೆ ಬದಲಾಯಿಸುವಾಗ ಆ ಪೆಟ್ಟಿಗೆ ಹಳೇ ಸಾಮಾನಿನ ಜೊತೆ ಹೋಗಿಬಿಡ್ತು. ಎರಡು ತಿಂಗಳಿಂದ ಫೋನಲ್ಲಿ ಹುಡುಕ್ತಿದ್ದೆ. ಭಾನುವಾರ ಮಗಳು ಬರ್ತಾಳೆ, ತನ್ನ ಮಗೂಗೆ ತೊಡಿಸ್ಬೇಕು ಅಂತ ಆಸೆಪಟ್ಟಿದ್ದಾಳೆ. ಕಳೆದಿತ್ತು ಅನ್ನೋದು ಅವಳಿಗೆ ಗೊತ್ತಿಲ್ಲ."

"ಇದೆ ಸರ್. ಹುಡುಕ್ತೀನಿ," ಎಂದಳು ಪಾರ್ಸಲ್ ಅಕ್ಕ.

ಹುಡುಕುವುದೇನೂ ಕಷ್ಟವಾಗಲಿಲ್ಲ. ಮಗಳು ಮಧ್ಯಾಹ್ನದ ನಿದ್ದೆಯಲ್ಲಿದ್ದಳು. ಪಕ್ಕದಲ್ಲಿ ಕಾಲುಚೀಲದ ಗುಂಡ, ಅವನ ಕತ್ತಿನವರೆಗೂ ಹೊದಿಸಿದ್ದ ಕಂದು ಬಟ್ಟೆ. ಅಂಚಿನಲ್ಲಿ ಕೆಂಪು ದಾರದ ತುಣುಕು ಇನ್ನೂ ಅಂಟಿಕೊಂಡಿತ್ತು. ಮೆಲ್ಲಗೆ ಎಳೆದುಕೊಂಡು ಬೇರೆ ಚೂರು ಹೊದಿಸಿದರೆ ಮುಗಿಯಿತು, ನಾಲ್ಕು ವರ್ಷದ ಮಗುವಿಗೆ ಏನು ತಿಳಿಯುತ್ತದೆ? ಕೈ ಚಾಚಿದಳು ಕೂಡ. ಆದರೆ ಈ ಮಗು ಒಂದೊಂದು ಸಾಮಾನನ್ನೂ ಕೇಳಿ ಕೇಳಿ ಮುಟ್ಟುತ್ತದೆ, ತಾನು ಮಾತ್ರ ಕೇಳದೆ ಕದಿಯುವುದೇ ಎಂದು ಅವಳಿಗೆ ತನ್ನ ಮೇಲೇ ಹೇಸಿಗೆಯಾಯಿತು. ಮಗಳು ಏಳುವವರೆಗೂ ಮಂಚದ ತುದಿಯಲ್ಲಿ ಕೂತಳು.

"ಪುಟ್ಟಿ, ಗುಂಡನ ಹೊದಿಕೆ ನಂಗೆ ಬೇಕಾಗಿತ್ತು."

ಮಗಳು ಹೊದಿಕೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. "ಚೂರಿನ ಚೀಲ ನಂದು ಅಂದಿದ್ದೆ."

"ಹೌದು, ಅಂದಿದ್ದೆ."

"ಮಾರೋಕಾ?"

"ಮಾರೋಕಲ್ಲ. ವಾಪಸ್ ಕೊಡೋಕೆ. ಒಬ್ಬ ತಾತ ಅವರ ಮಗಳಿಗೆ ಹೊಲಿದಿದ್ದು ಅದು. ನಾನು ಕೇಳದೆ ಕಿತ್ತುಬಿಟ್ಟೆ."

ಅಮ್ಮನೂ ಕೇಳದೆ ಮುಟ್ಟುತ್ತಾಳೆ ಎನ್ನುವುದು ಮಗಳಿಗೆ ಹೊಸ ಸುದ್ದಿ. ಹಿಡಿದಿದ್ದ ಹೊದಿಕೆಯನ್ನು ಮಡಿಸಿದಳು. "ನಾನೇ ಕೊಡ್ತೀನಿ," ಎಂದಳು.

ಶನಿವಾರ ಎರಡು ಬಸ್ಸು ಬದಲಾಯಿಸಿ ಇಬ್ಬರೂ ಹೋದರು. ಹೊಸ ಮನೆಯ ಮುಂದಿನ ಕೋಣೆಯಲ್ಲಿ ಇನ್ನೂ ಬಿಚ್ಚದ ಪೆಟ್ಟಿಗೆಗಳು, ಗೋಡೆಯ ಮೇಲೆ ಒಂಬತ್ತು ಗಡಿಯಾರ, ಮೇಜಿನ ಮೇಲೆ ಹಸಿರು ಸ್ವೆಟರ್. ಮಗಳು ತೇಪೆಯನ್ನು ತಾತನ ಅಂಗೈಯಲ್ಲಿಟ್ಟಳು. ಅವರು ಅದನ್ನು ಮೂಗಿನ ಹತ್ತಿರ ಹಿಡಿದು ಕೆಂಪು ದಾರದ ತುಣುಕನ್ನು ಬೆರಳಿನಿಂದ ಮುಟ್ಟಿ ನೋಡಿದರು.

"ನಾನು ಹೊಲಿದುಕೊಡ್ತೀನಿ ಸರ್, ಮೊದಲು ಹೇಗಿತ್ತೋ ಹಾಗೇ. ಫೋಟೋ ಇದೆ," ಎಂದಳು ಪಾರ್ಸಲ್ ಅಕ್ಕ. ಡಬ್ಬಿಯಲ್ಲಿ ಕೆಂಪು ದಾರವನ್ನೂ ತಂದಿದ್ದಳು.

"ಬೇಡಮ್ಮಾ. ನಿಮ್ಮ ಕೈಗೆ ಅಷ್ಟು ಕೆಟ್ಟದಾಗಿ ಹೊಲಿಯೋಕೆ ಬರಲ್ಲ," ಎಂದು ತಾತ ನಕ್ಕರು. "ಸೂಜಿಗೆ ದಾರ ಮಾತ್ರ ಪೋಣಿಸಿಕೊಡಿ. ನಿಮ್ಮ ರಫು ಕೆಳಗೆ ಹಾಗೇ ಇರಲಿ, ಮೊಣಕೈ ಬೆಚ್ಚಗಿರುತ್ತೆ."

ಅವರು ಹೊಲಿದರು, ಇವಳು ನೋಡಿದಳು. ಇಷ್ಟು ವರ್ಷದಲ್ಲಿ ಅವಳು ಮಾಡಿದ ಅತಿ ಕಷ್ಟದ ಕೆಲಸ ಅದೇ ಇರಬೇಕು. ಸೂಜಿ ಒಂದು ಇಲ್ಲಿ ಹೊಕ್ಕಿತು, ಒಂದು ಅಲ್ಲಿ ಎದ್ದಿತು, ದಾರ ಗಂಟಾಯಿತು. ಅವಳ ಬೆರಳುಗಳು ಎರಡು ಸಲ ತಾವಾಗಿ ಮುಂದೆ ಹೋದವು. ಕೊನೆಗೆ ಎರಡೂ ಕೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತಳು. ಮುಕ್ಕಾಲು ಗಂಟೆ ಹಿಡಿಯಿತು. ಮುಗಿದಾಗ ಮೊದಲಿಗಿಂತಲೂ ಅಂಕುಡೊಂಕಾಗಿತ್ತು. ತಾತ ಅದನ್ನು ಎತ್ತಿ ಹಿಡಿದು ಕಣ್ಣೊರೆಸಿಕೊಂಡರು.

ಮಗಳು ಸ್ವೆಟರಿನ ಹತ್ತಿರ ಹೋದಳು, ಮುಟ್ಟಲಿಲ್ಲ. "ತಾತ, ಇದು ನಿಮ್ದಾ, ಮಾರೋದಾ?"

"ನಮ್ದು ಮರಿ," ಎಂದರು ತಾತ. "ನಮ್ದೇ."

ವಾಪಸ್ ಬರುವ ಬಸ್ಸಿನಲ್ಲಿ ಮಗಳು ಕಿಟಕಿಗೆ ಮುಖ ಒತ್ತಿ ಕೂತಿದ್ದಳು. ಎರಡು ನಿಲ್ದಾಣ ಕಳೆದ ಮೇಲೆ ತಿರುಗಿ ಕೇಳಿದಳು: "ಅಮ್ಮ, ನಮ್ಮನೇಲಿ ನಮ್ದು ಯಾವ್ದು?"

ಪಾರ್ಸಲ್ ಅಕ್ಕ ಕುರ್ಚಿ, ಮಂಚ, ಪಾತ್ರೆ ಎಂದು ಹೇಳಬಹುದಿತ್ತು. ಮಗಳು ಕೇಳಿದ್ದು ಅದಲ್ಲವೆಂದು ಅವಳಿಗೆ ಗೊತ್ತಿತ್ತು. ಮಗಳನ್ನು ಹತ್ತಿರಕ್ಕೆ ಎಳೆದುಕೊಂಡಳು.

ಮನೆಗೆ ಬಂದವಳೇ ಆಟಿಕೆಗಳ ಕಪಾಟು ತೆಗೆದಳು. ಮರದ ರೈಲು, ಕೀಲಿ ಕೊಡುವ ಬಾತುಕೋಳಿ, ಚರ್ಮದ ಪುಟ್ಟ ಬೂಟು. "ನಿಂಗೆ ಯಾವ್ದು ಬೇಕೋ ತಗೋ. ಅದು ಮಾರೋದಲ್ಲ."

ಮಗಳು ಒಂದೊಂದನ್ನೂ ನೋಡಿದಳು. ಬಾತುಕೋಳಿಯ ಹತ್ತಿರ ಸ್ವಲ್ಪ ಹೆಚ್ಚು ಹೊತ್ತು ನಿಂತಳು. ಆಮೇಲೆ ಒಳಗೆ ಹೋಗಿ ಚೂರಿನ ಚೀಲವನ್ನು ಎಳೆದು ತಂದು, ಅದರ ಮೇಲೆ ಗುಂಡನನ್ನು ಕೂರಿಸಿ, ತಾನೂ ಕೂತಳು.

"ಇದು ನಂದು," ಎಂದಳು. "ಇನ್ಮೇಲೆ ಕೇಳ್ಲೂಬೇಡ."

"ಇಲ್ಲ ಪುಟ್ಟಿ, ಕೇಳಲ್ಲ," ಎಂದಳು ಪಾರ್ಸಲ್ ಅಕ್ಕ.