ಪಲ್ಲವಿಗೆ ಹೊತ್ತ ಹರಕೆ

ಬೆಳಿಗ್ಗೆ ಒಗ್ಗರಣೆಗೆ ಮೆಂತ್ಯದ ಡಬ್ಬಿ ತೆಗೆಯುವಾಗ ಅದರ ನಡುವಿಗೆ ಹಾಕಿದ್ದ ರಬ್ಬರ್ ಬ್ಯಾಂಡ್ ಪಟ್ಟೆಂದು ಹರಿಯಿತು. ಒಣಗಿಹೋಗಿತ್ತು. ಒಂದು ವರ್ಷದಿಂದ ಅದನ್ನು ಬಿಚ್ಚಲು ನನಗೆ ಮನಸ್ಸಾಗಿರಲಿಲ್ಲ.

ನಿಮ್ಮ ಮನೆಯಲ್ಲೂ ಯಾವುದಾದರೂ ಡಬ್ಬಿಗೆ ಇಂಥ ಎರಡನೆಯ ನೌಕರಿ ಇದ್ದೀತು. ನಮ್ಮ ಹೊಳೆನರಸೀಪುರದ ಮನೆಯಲ್ಲಿ ಈ ಡಬ್ಬಿಗೆ ಮೊಬೈಲು ಒರಗಿಸಿ, ರಬ್ಬರ್ ಬ್ಯಾಂಡ್ ಬಿಗಿದು, ನಾನೂ ನಮ್ಮತ್ತೆಯೂ ಸೊಪ್ಪು ಸೋಸುತ್ತ ಧಾರಾವಾಹಿ ನೋಡುತ್ತಿದ್ದೆವು. ನಾಯಕಿ ಪಲ್ಲವಿ. ಒಲೆ ಹಚ್ಚಲೂ ಬಾರದವಳು ನಾಯಕನ ಹೋಟೆಲಿಗೆ ಅಡುಗೆಯವಳಾಗಿ ಸೇರಿ, ಹಿಂದಿನ ಬೀದಿಯ ಮೆಸ್ಸಿನಿಂದ ಸಾರು ತರಿಸಿ ತನ್ನದೆಂದು ಬಡಿಸುತ್ತಿದ್ದಳು. ಅವನು ಸಾರು ಸುರಿದುಕೊಂಡು ಸುರಿದುಕೊಂಡು ಅವಳಿಗೆ ಮನಸೋತ. ಮೇಲಾಗಿ ಅವಳಿಗೆ ಮೂಗಿನ ತುದಿಯಲ್ಲೇ ಕೋಪ, ಪಕ್ಕದವರ ತಟ್ಟೆಯ ವಡೆಯ ಮೇಲೆ ಕಣ್ಣು.

ನಮ್ಮತ್ತೆಯಾದರೋ, ಒರಳಲ್ಲಿ ರುಬ್ಬದೆ ಮಿಕ್ಸಿಗೆ ಹಾಕಿದ ಖಾರವನ್ನು ವಾಸನೆಯಲ್ಲೇ ಹಿಡಿದು, "ಇದು ನಿಮ್ಮ ಅರಕಲಗೂಡಿನ ಸಾರು" ಎಂದು ನನ್ನ ತವರನ್ನು ಎಳೆದು ತರುತ್ತಿದ್ದವರು. ಅಂಥವರು ಪಲ್ಲವಿಯ ಪಕ್ಷ.

"ಅತ್ತೆ, ನಾನು ಹಿಂಗೆ ಮೆಸ್ಸಿಂದ ತಂದು ಬಡಿಸಿದ್ರೆ?"

"ಸಂಜೆ ಬಸ್ಸಿಗೇ ಅರಕಲಗೂಡಿಗೆ ಅತ್ತುಸ್ಬುಡ್ತಿದ್ದೆ."

"ಅವಳಿಗೆ ಮಾತ್ರ ಮಾಫಿನಾ?"

ಅತ್ತೆ ಒಂದು ದಂಟು ಮುರಿದು ಬದಿಗಿಟ್ಟರು. "ಚನ್ನರಾಯಪಟ್ಟಣಕ್ಕೆ ನನ್ನ ನೋಡಕ್ಕೆ ಬಂದಾಗ ಕಜ್ಜಾಯ ಮಾಡಿದ್ದು ನಮ್ಮ ಚಿಕ್ಕವ್ವ ಕಣೆ. ಎಲ್ರೂ 'ಉಡುಗೀನೇ ಮಾಡಿದ್ದು' ಅಂದ್ರು. ನಿಮ್ಮಾವ ಇನ್ನೆರಡು ಆಕುಸ್ಕೊಂಡು ತಿಂದು ಒಪ್ಕೊಂಡ್ರು."

"ಮಾವಂಗೆ ಆಮೇಲೆ ಯಾವಾಗ ಹೇಳಿದ್ರಿ?"

"ಯಾಕೇಳ್ಲಿ? ಕಲ್ತ್ಕೊಂಡೆ."

ಹೆಣ್ಣು ನೋಡುವ ದಿನ ನಮ್ಮ ಕಡೆ ಎಲ್ಲ ಹುಡುಗಿಯರೂ ಎಲ್ಲ ತಿಂಡಿಗಳನ್ನೂ ಮಾಡಿರುತ್ತಾರೆ. ನನ್ನ ಉಪ್ಪಿಟ್ಟು ಯಾರು ಮಾಡಿದ್ದೆಂದು ಅತ್ತೆ ಕೇಳಲಿಲ್ಲ. ನಾನೂ ಹೇಳಲು ಹೋಗಲಿಲ್ಲ.

ಅತ್ತೆ ಹಾಸನದ ಆಸ್ಪತ್ರೆ ಸೇರಿದಾಗ ಧಾರಾವಾಹಿಯ ಕತೆ ಬಿಗುವಾಗಿತ್ತು. ಡಾಕ್ಟರು "ನೋವು ಎಲ್ಲಿದೆ ಅಜ್ಜಿ?" ಎಂದರೆ, ಇವರು ನನ್ನ ಕಡೆ ತಿರುಗಿ, "ಆ ಮುದ್ಕಿ ಅಡುಗೆಮನೆಗೆ ಬಂದ್ಳಾ?" ಎಂದು ಕೇಳಿದರು. ನಾಯಕನ ಅಜ್ಜಿ ಪಲ್ಲವಿಯ ಕೈಯಡುಗೆ ಪರೀಕ್ಷಿಸುವುದಿತ್ತು. ಡಾಕ್ಟರು ನನ್ನನ್ನು ಹೊರಗೆ ಕರೆದು, ಬುದ್ಧಿ ಸ್ವಲ್ಪ ಕದಡಿದೆ ಎಂದರು. ಧಾರಾವಾಹಿಯ ವಿಷಯ ವಿವರಿಸಿದರೆ ನನ್ನದೂ ಕದಡಿದೆ ಎಂದಾರೆಂದು ತಲೆ ಆಡಿಸಿದೆ.

"ಅವಳ ಮದುವೆ ಆದ್ರೆ ನರಸಿಂಹಸ್ವಾಮಿಗೆ ಒಂದು ಅರ್ಚನೆ ಮಾಡುಸ್ತೀನಿ ಅಂತ ಕೈಮುಗ್ದಿವ್ನಿ. ನನ್ನ ಕೈಲಾಗ್ದಿದ್ರೆ ನೀನು ಮಾಡ್ಸು" ಎಂದರು ಅತ್ತೆ.

"ಅವಳು ಧಾರಾವಾಹಿ ಹುಡುಗಿ ಅತ್ತೆ."

"ಆದ್ರೇನು, ಉಡುಗಿ ಅಲ್ವಾ?"

ಕೊನೆಯ ಕಂತು ಬರುವ ಮೊದಲೇ ಅತ್ತೆ ಹೋದರು. ಅದನ್ನು ನೋಡಲು ನನಗೆ ಧೈರ್ಯ ಬರಲಿಲ್ಲ. ಮದುವೆ ಮುರಿದಿದ್ದರೆ ಅವರಿಗೆ ಏನು ಹೇಳಲಿ? ಆಗಿಬಿಟ್ಟಿದ್ದರೆ, ಹರಕೆ ತೀರಿಸಿದ ಮೇಲೆ ಅವರು ನನಗೆ ಹೇಳಿಹೋದ ಕೆಲಸ ಇನ್ನೇನೂ ಉಳಿಯುವುದಿಲ್ಲ.

ಇವತ್ತು ಹೊಸ ರಬ್ಬರ್ ಬ್ಯಾಂಡ್ ಹಾಕಿ ನೋಡಿದೆ. ಪಲ್ಲವಿ ತಾನೇ ಸಾರು ಮಾಡಿ, ತಳ ಹಿಡಿಸಿ, ಅಜ್ಜಿಯ ಮೇಲೇ ರೇಗಿ, ಕೊನೆಗೆ ನಿಜ ಹೇಳಿ ಅತ್ತಳು. ಅಜ್ಜಿ ಆ ಸಾರನ್ನೇ ಕಲಸಿಕೊಂಡು ಉಂಡಿತು. ಮದುವೆ ಆಯಿತು. ನಾನು ಬಿಡಿಸಿದ ಸೊಪ್ಪನ್ನು ಕಸಕ್ಕೂ ದಂಟನ್ನು ಪಾತ್ರೆಗೂ ಹಾಕಿದ್ದೆ.

ಸಂಜೆ ದೇವಸ್ಥಾನಕ್ಕೆ ಹೋದೆ. ವಯಸ್ಸಾದ ಅರ್ಚಕರು ಹೆಸರು ಕೇಳಿದರು.

"ಪಲ್ಲವಿ."

"ನಕ್ಷತ್ರ?"

ಇದನ್ನು ಯೋಚಿಸಿರಲಿಲ್ಲ. ಅತ್ತೆಯದನ್ನು ಹೇಳಿಬಿಟ್ಟೆ. "ರೋಹಿಣಿ."

"ಮಗಳೇನಮ್ಮಾ?"

"ನಮ್ಮ ಕಡೆ ಹುಡುಗಿ, ಸ್ವಾಮಿ. ಹೊಸದಾಗಿ ಮದುವೆಯಾಗಿದೆ."

ಅರ್ಚಕರು ಹೂವು ಕೊಡುತ್ತ ನಕ್ಕರು. "ಒಳ್ಳೇದಾಗಲಿ. ಈಗಿನ ಮಕ್ಕಳು, ಅಡುಗೆ ಗಿಡುಗೆ ಬರುತ್ತೋ?"

"ಕಲ್ತ್ಕೋತಾಳೆ ಬಿಡಿ" ಎಂದೆ.